ಕೀಬೋರ್ಡಿನ ಸಿತಾರು ಆಲಾಪದಲ್ಲಿ ಏಕೆ ಸೋಲುತ್ತದೆ?

ಪ್ರಶ್ನೆ: ಗದಗ ಜಿಲ್ಲೆಯ ನಮ್ಮೂರಿನ ಭಜನಾ ಮಂಡಳಿಗೂ ಜಾತ್ರೆಯಲ್ಲಿ ಆಡುವ ನಾಟಕಕ್ಕೂ ನಾನು ಕೀಬೋರ್ಡ್ ನುಡಿಸುತ್ತೇನೆ. ಮೊದಲು ಕಲಿತದ್ದು ಪೇಟಿ (ಹಾರ್ಮೋನಿಯಂ). ಅದೇ ಕೀಯನ್ನು ಒತ್ತಿದರೂ ಒಮ್ಮೆ ಸಿತಾರು, ಒಮ್ಮೆ ಸನಾದಿ, ಒಮ್ಮೆ ಕೊಳಲು ಕೇಳಿಸುವುದು ಹೇಗೆ? ವೇಗದ ತುಣುಕುಗಳಲ್ಲಿ ನಿಜವಾದ ಸಿತಾರಿನಂತೆಯೇ ಕೇಳುವ ದನಿ ಆಲಾಪಕ್ಕೆ ಇಳಿದ ಕೂಡಲೇ ಸುಳ್ಳೆನಿಸುವುದೇಕೆ? ಸಿಂಥಸೈಜರ್ ಎಂಬುದು ಕೀಬೋರ್ಡಿಗಿಂತ ಬೇರೆಯೇ, ಅದನ್ನು ಕೊಂಡರೆ ಈ ತೊಂದರೆ ತಪ್ಪೀತೇ?

ಉತ್ತರ: ಹಣ ಖರ್ಚಾಗುವ ವಿಷಯವಾದ್ದರಿಂದ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮ ಕೀಬೋರ್ಡಿನ ಒಳಗೆ ಈಗಾಗಲೇ ಒಂದು ಸಿಂಥಸೈಜರ್ ಇದೆ. ದನಿಯನ್ನು ಹುಟ್ಟಿಸುವ, ತಿದ್ದುವ ನಾಬ್‌ಗಳನ್ನು ತಯಾರಕರು ತಾವೇ ಒಂದು ಹದಕ್ಕೆ ತಿರುಗಿಸಿ ಒಳಗಿಟ್ಟು, ನಿಮ್ಮ ಕೈಗೆ ಟೋನ್‌ಗಳ ಪಟ್ಟಿಯನ್ನೂ ತಾಳದ ಸ್ಟೈಲ್‌ಗಳನ್ನೂ ಮಾತ್ರ ಕೊಟ್ಟಿದ್ದಾರೆ; ಸಿಂಥಸೈಜರ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಯಂತ್ರದಲ್ಲಿ ಆ ನಾಬ್‌ಗಳು ಹೊರಗೆ, ಬೆರಳಿಗೆ ಸಿಗುವಂತೆ ಇರುತ್ತವೆ. ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟೇ. ಆಲಾಪದಲ್ಲಿ ದನಿ ಸುಳ್ಳೆನಿಸುವುದಕ್ಕೆ ಕಾರಣ ಬೇರೆ ಇದೆ. ಅದು ತಿಳಿಯಬೇಕಾದರೆ, ಒಂದು ವಾದ್ಯದ ದನಿಯನ್ನು ಇನ್ನೊಂದರ ದನಿಯಿಂದ ನಮ್ಮ ಕಿವಿ ಹೇಗೆ ಬೇರ್ಪಡಿಸುತ್ತದೆ ಎಂಬಲ್ಲಿಂದ ಹೊರಡಬೇಕು.

ತಂಬೂರಿಯ ಒಂದು ತಂತಿಯನ್ನು ಕರಿ ಒಂದರ, ಅಂದರೆ ಪೇಟಿಯ ಮೊದಲ ಕಪ್ಪು ಕೀಯ, ಷಡ್ಜಕ್ಕೆ ಹೊಂದಿಸಿ ಮೀಟಿದಿರಿ ಎಂದುಕೊಳ್ಳಿ. ಅದು ಸೆಕೆಂಡಿಗೆ ಸುಮಾರು 139 ಸಲ ಕಂಪಿಸುತ್ತದೆ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತಿರುವುದರಿಂದ 277, 416, 554, 693 ಹೀಗೆ ಆ ಸಂಖ್ಯೆಯ ಗುಣಕಗಳೂ ಅದರೊಡನೆಯೇ ಹೊರಡುತ್ತವೆ. ಇವನ್ನು ಹಾರ್ಮೋನಿಕ್‌ಗಳು ಎನ್ನುತ್ತಾರೆ. ಎರಡನೆಯದು ಮೇಲಿನ ಷಡ್ಜ, ಮೂರನೆಯದು ಅದರ ಪಂಚಮ, ಐದನೆಯದು ಇನ್ನೂ ಮೇಲಿನ ಗಾಂಧಾರ. ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳುತ್ತದೆಂದು ಹಾಡುವವರು ಹೇಳುವುದು ಈ ಐದನೆಯದನ್ನೇ. ಪೇಟಿಯ ರೀಡಿನಲ್ಲೂ ಸನಾದಿಯಲ್ಲೂ ಹಾಡುವ ಕೊರಳಿನಲ್ಲೂ ಇರುವುದು ಇದೇ ಗುಣಕಗಳ ಸಾಲು. ಯಾವುದು ಎಷ್ಟು ಜೋರಾಗಿದೆ ಎಂಬ ಪ್ರಮಾಣ ಮಾತ್ರ ವಾದ್ಯದಿಂದ ವಾದ್ಯಕ್ಕೆ ಬದಲಾಗುತ್ತದೆ.

ಶಾಲೆಯ ಪಾಠ ಇಲ್ಲಿಗೆ ನಿಲ್ಲುತ್ತದೆ. ಹಾರ್ಮೋನಿಕ್‌ಗಳ ಪ್ರಮಾಣ ಸಿಕ್ಕಿತೆಂದರೆ ವಾದ್ಯವೇ ಸಿಕ್ಕಿತು ಎಂಬ ಭಾವನೆ ಅದರಿಂದ ಹುಟ್ಟುತ್ತದೆ, ಆದರೆ ಕಿವಿ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1948ರಲ್ಲಿ ಪ್ಯಾರಿಸ್‌ನ ರೇಡಿಯೊ ಸ್ಟುಡಿಯೊದಲ್ಲಿ ಪಿಯರ್ ಶೇಫರ್ ಗಂಟೆಯ ನಾದವನ್ನು ಮುದ್ರಿಸಿ, ಬಡಿದ ಆ ಮೊದಲ ಕ್ಷಣವನ್ನು ಮಾತ್ರ ತೆಗೆದುಹಾಕಿ ಉಳಿದುದನ್ನು ಕೇಳಿದಾಗ ಅದು ಗಂಟೆಯಂತಿರದೆ ಊದುವ ವಾದ್ಯದಂತೆ ಕೇಳಿಸಿತು. ಈ ಪ್ರಯೋಗವನ್ನು ಇಂದು ನೀವೂ ಮೊಬೈಲಿನಲ್ಲಿ ಮಾಡಬಹುದು: ಸಿತಾರಿನ ಒಂದು ಮೀಟನ್ನು ರೆಕಾರ್ಡ್ ಮಾಡಿಕೊಂಡು, ಯಾವುದಾದರೂ ಆಡಿಯೊ ಎಡಿಟರಿನಲ್ಲಿ ಮೊದಲ ಹತ್ತನೆಯ ಒಂದು ಸೆಕೆಂಡನ್ನು ಕತ್ತರಿಸಿ, ಉಳಿದುದನ್ನು ವಿಷಯ ತಿಳಿಯದ ಒಬ್ಬರಿಗೆ ಕೇಳಿಸಿ ನೋಡಿ. ದನಿ ಹೇಗೆ ಏಳುತ್ತದೆ, ಎದ್ದ ಮೇಲೆ ಅದರ ಯಾವ ಹಾರ್ಮೋನಿಕ್ ಮೊದಲು ಬತ್ತುತ್ತದೆ, ಯಾವುದು ಕೊನೆಯವರೆಗೆ ಉಳಿಯುತ್ತದೆ, ಈ ನಡಿಗೆಯನ್ನೇ ಕಿವಿ ಗುರುತಿನ ಚಿಹ್ನೆಯಾಗಿ ಇಟ್ಟುಕೊಂಡಿರುತ್ತದೆ. ನಿಮ್ಮ ಸಿತಾರಿನ ತೊಂದರೆಯ ಬೇರು ಇರುವುದೂ ಇಲ್ಲಿಯೇ.

ಈಗ ಯಂತ್ರದ ಒಳಗೆ ನೋಡೋಣ. ಮೊದಲ ಭಾಗದ ಹೆಸರು ಆಸಿಲೇಟರ್. ಬೇಕಾದ ವೇಗದಲ್ಲಿ ಏರಿಳಿಯುವ ವಿದ್ಯುತ್ತನ್ನು ಹುಟ್ಟಿಸುವುದು ಅದರ ಕೆಲಸ. ಆ ಏರಿಳಿತದ ಆಕಾರ ಬದಲಾದರೆ ಹಾರ್ಮೋನಿಕ್‌ಗಳ ಪ್ರಮಾಣ ಬದಲಾಗುತ್ತದೆ. ಗರಗಸದ ಹಲ್ಲಿನ ಆಕಾರದ ಅಲೆಯಲ್ಲಿ ಎಲ್ಲ ಹಾರ್ಮೋನಿಕ್‌ಗಳೂ ಇರುತ್ತವೆ: ಎರಡನೆಯದು ಮೊದಲನೆಯದರ ಅರ್ಧ, ಮೂರನೆಯದು ಮೂರರಲ್ಲೊಂದು ಪಾಲು, ಹೀಗೆ ಇಳಿಯುತ್ತ ಹೋಗುತ್ತದೆ. ಚೌಕದ ಅಲೆಯಲ್ಲಿ ಬೆಸಸಂಖ್ಯೆಯವು ಮಾತ್ರ ಇರುವುದರಿಂದ ದನಿ ಕ್ಲಾರಿಯೊನೆಟ್ಟಿನ ಕೆಳಸ್ವರಗಳ ಕಡೆಗೆ, ಸ್ವಲ್ಪ ಪೊಳ್ಳಾಗಿ ಕೇಳುತ್ತದೆ. ತ್ರಿಕೋನದಲ್ಲೂ ಬೆಸಸಂಖ್ಯೆಯವೇ, ಆದರೆ ಅವು ಬಹುಬೇಗ ಕ್ಷೀಣಿಸುವುದರಿಂದ ದನಿ ಮೃದು. ಸೈನ್ ಅಲೆಯಲ್ಲಿ ಮೂಲಸ್ವರದ ಹೊರತು ಬೇರೇನೂ ಇಲ್ಲ. ಹಿಂದೆ ದೂರದರ್ಶನದ ಪ್ರಸಾರ ಶುರುವಾಗುವ ಮುನ್ನ ಬಣ್ಣದ ಪಟ್ಟೆಗಳ ಜೊತೆ ಬರುತ್ತಿದ್ದ ಆ ಉದ್ದನೆಯ ಕೂಗು ನೆನಪಿದ್ದವರಿಗೆ ಇದರ ಪರಿಚಯವಿದೆ. ಇವಲ್ಲದೆ ನಾಯ್ಸ್ ಎಂಬ, ಯಾವ ಸ್ವರವೂ ಇಲ್ಲದ ಸುಯ್‌ದನಿಯೂ ಇರುತ್ತದೆ, ಕೊಳಲಿನ ಉಸಿರಿಗೂ ಕಂಚಿನ ತಾಳಕ್ಕೂ ಅದು ಬೇಕಾಗುತ್ತದೆ.

ಎರಡನೆಯ ಭಾಗವಾದ ಫಿಲ್ಟರನ್ನು ಅರಿಯಲು ಯಂತ್ರವೇ ಬೇಡ. ಷಡ್ಜವನ್ನು ಹಿಡಿದು ‘ಊ’ ಎಂದು ಶುರುಮಾಡಿ, ಶ್ರುತಿಯನ್ನು ಕದಲಿಸದೆ, ಬಾಯನ್ನು ನಿಧಾನವಾಗಿ ತೆರೆಯುತ್ತ ‘ಆ’ ಎಂಬಲ್ಲಿಗೆ ಬನ್ನಿ. ಗಂಟಲಿನ ತಂತುಗಳು ಮೊದಲಿನಷ್ಟೇ ವೇಗದಲ್ಲಿ ಕಂಪಿಸುತ್ತಿವೆ, ಸ್ವರ ಅದೇ ಇದೆ, ಆದರೂ ದನಿ ಮಬ್ಬಿನಿಂದ ಬೆಳಕಿಗೆ ಬಂದಂತೆ ಕೇಳುತ್ತದೆ. ‘ಊ’ ಎಂಬಾಗ ಬಾಯಿಯ ಆಕಾರ ಮೇಲಿನ ಹಾರ್ಮೋನಿಕ್‌ಗಳನ್ನು ತಡೆದಿತ್ತು, ‘ಆ’ ಎಂಬಾಗ ಬಿಟ್ಟುಕೊಟ್ಟಿತು. ಲೋ-ಪಾಸ್ ಫಿಲ್ಟರ್ ಮಾಡುವುದೂ ಇದೇ ಜಾತಿಯ ಕೆಲಸ: ಒಂದು ಗಡಿಯನ್ನು ಹಾಕಿ, ಅದಕ್ಕಿಂತ ಮೇಲಿನವನ್ನು ಕ್ರಮೇಣ ಅಡಗಿಸುತ್ತದೆ. ಆ ಗಡಿಗೆ ಕಟ್‌ಆಫ್ ಎಂದು ಹೆಸರು. ಗಡಿಯ ಹತ್ತಿರದ ಹಾರ್ಮೋನಿಕ್‌ಗಳನ್ನೇ ಸ್ವಲ್ಪ ಉಬ್ಬಿಸುವ ರೆಸೋನೆನ್ಸ್ ಎಂಬ ಇನ್ನೊಂದು ನಾಬ್ ಇರುತ್ತದೆ, ಅದನ್ನು ಏರಿಸಿದರೆ ದನಿಗೆ ಮೂಗಿನ ಛಾಯೆ ಬರುತ್ತದೆ. ಅತಿಯಾದರೆ ಫಿಲ್ಟರೇ ಶಿಳ್ಳೆ ಹಾಕತೊಡಗುತ್ತದೆ.

ಮೂರನೆಯದು ಎನ್ವಲಪ್. ನನ್ನ ಅಭಿಪ್ರಾಯದಲ್ಲಿ ಇಡೀ ಯಂತ್ರದ ತಿರುಳು ಇದೇ, ಹೊಸಬರು ಹೆಚ್ಚಾಗಿ ಕಡೆಗಣಿಸುವುದೂ ಇದನ್ನೇ. ಕೀ ಒತ್ತಿದ ಕ್ಷಣದಿಂದ ದನಿ ತುದಿಗೆ ಏರಲು ಹಿಡಿಯುವ ಕಾಲ ಅಟ್ಯಾಕ್, ಅಲ್ಲಿಂದ ಇಳಿಯುವ ಕಾಲ ಡಿಕೇ, ಬೆರಳು ಕೀಯ ಮೇಲೆ ಇರುವಷ್ಟು ಹೊತ್ತು ನಿಲ್ಲುವ ಮಟ್ಟ ಸಸ್ಟೇನ್, ಬೆರಳು ತೆಗೆದ ಮೇಲೆ ಅಡಗುವ ಕಾಲ ರಿಲೀಸ್. ಈ ನಾಲ್ಕು ಅಳತೆಗಳನ್ನು ದನಿಯ ಗಟ್ಟಿತನಕ್ಕೆ ಮಾತ್ರವಲ್ಲದೆ ಫಿಲ್ಟರಿನ ಗಡಿಗೂ ಜೋಡಿಸಬಹುದು, ಆಗ ದನಿ ಏಳುವಾಗ ಒಂದು ಬಣ್ಣ, ನಿಂತಾಗ ಒಂದು ಬಣ್ಣ, ಅಡಗುವಾಗ ಮತ್ತೊಂದು ಬಣ್ಣ ಪಡೆಯುತ್ತದೆ.

ಇದನ್ನು ಕಿವಿಯಾರೆ ಕೇಳಲು ಕಂಪ್ಯೂಟರಿನಲ್ಲಿ ಸರ್ಜ್ ಎಕ್ಸ್‌ಟಿ ಎಂಬ ಉಚಿತ ಸಾಫ್ಟ್‌ವೇರ್ ಸಿಂಥಸೈಜರನ್ನು ಹಾಕಿಕೊಂಡು, ಯುಎಸ್‌ಬಿ ಕೇಬಲಿನಿಂದ ನಿಮ್ಮ ಕೀಬೋರ್ಡನ್ನು ಅದಕ್ಕೆ ಜೋಡಿಸಿ. ಗರಗಸದ ಅಲೆಯನ್ನು ಆರಿಸಿ, ಅಟ್ಯಾಕನ್ನು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದ ಆಸುಪಾಸಿಗೆ, ಸಸ್ಟೇನನ್ನು ಪೂರ್ಣಕ್ಕೆ, ರಿಲೀಸನ್ನು ತೀರ ಚಿಕ್ಕದಾಗಿ ಇಡಿ. ಕಟ್‌ಆಫ್ 3,000 ಹರ್ಟ್ಜ್ ಸುತ್ತಮುತ್ತ ಇರಲಿ, ರೆಸೋನೆನ್ಸ್ ತುಸು ಏರಲಿ. ಸೆಕೆಂಡಿಗೆ ಐದು ಸಲದಷ್ಟು ಸ್ವರವನ್ನು ಅಲುಗಿಸುವ ಎಲ್‌ಎಫ್‌ಒ ಎಂಬ ನಿಧಾನದ ಆಸಿಲೇಟರನ್ನು ಸೇರಿಸಿ, ಅದು ಸ್ವರ ಹುಟ್ಟಿದ ಅರ್ಧ ಸೆಕೆಂಡಿನ ನಂತರ ಬರುವಂತೆ ಮಾಡಿ. ಮದುವೆಯ ಚಪ್ಪರದ ಸನಾದಿ ಪೂರ್ತಿ ಬರದಿದ್ದರೂ ಅದರ ಜಾತಿಯ ಊದುವ ದನಿಯೊಂದು ಸಿಗುತ್ತದೆ. ಈಗ ಆಸಿಲೇಟರನ್ನು ಮುಟ್ಟದೆ ಅಟ್ಯಾಕನ್ನು ಸೊನ್ನೆಗೆ ತನ್ನಿ, ಸಸ್ಟೇನನ್ನೂ ಸೊನ್ನೆ ಮಾಡಿ, ಡಿಕೇಯನ್ನು ಎರಡು ಸೆಕೆಂಡಿಗೆ ಏರಿಸಿ, ಫಿಲ್ಟರಿನ ಗಡಿ ಮೊದಲು ಮೇಲಿದ್ದು ಬೇಗ ಕೆಳಗಿಳಿಯುವಂತೆ ಮಾಡಿ. ಎಲ್‌ಎಫ್‌ಒವನ್ನು ತೆಗೆದುಬಿಡಿ. ಊದುತ್ತಿದ್ದ ವಾದ್ಯ ಮೀಟುವ ವಾದ್ಯವಾಗುತ್ತದೆ. ಕಚ್ಚಾ ಅಲೆ ಎರಡಕ್ಕೂ ಒಂದೇ. ಒಂದೇ ಕೀಯಿಂದ ಹಲವು ವಾದ್ಯಗಳು ಹೇಗೆ ಹೊರಡುತ್ತವೆ ಎಂಬ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ.

ಹೀಗೆ ತುಂಬಿದ ದನಿಯಿಂದ ಬೇಡದ್ದನ್ನು ಕಳೆಯುವ ಕ್ರಮವನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ಅಮೆರಿಕದ ರಾಬರ್ಟ್ ಮೂಗ್. 1964ರಲ್ಲಿ ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಜೊತೆಗೂಡಿ ಅವರು ಕಟ್ಟಿದ ಯಂತ್ರದಲ್ಲಿ ಭಾಗಗಳನ್ನು ವೋಲ್ಟೇಜಿನಿಂದ ನಡೆಸಬಹುದಾಗಿತ್ತು: ಒಂದು ವೋಲ್ಟ್ ಏರಿದರೆ ಸ್ವರ ಒಂದು ಸಪ್ತಕ ಮೇಲೇರುತ್ತಿತ್ತು. ಒಂದು ಭಾಗದಿಂದ ಹೊರಟ ವೋಲ್ಟೇಜನ್ನು ವೈರಿನಿಂದ ಇನ್ನಾವ ಭಾಗಕ್ಕಾದರೂ ಕೊಡಬಹುದಾದ್ದರಿಂದ ಎನ್ವಲಪ್ಪು ಫಿಲ್ಟರನ್ನು ನಡೆಸುವುದು, ಎಲ್‌ಎಫ್‌ಒ ಸ್ವರವನ್ನು ನಡೆಸುವುದು ಇವೆಲ್ಲ ಸಾಧ್ಯವಾದವು. ಆ ಯಂತ್ರ ಭಾರತಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1969ರಲ್ಲೇ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅದನ್ನು ಸ್ಥಾಪಿಸಿದರು. ಮರುವರ್ಷ ಬಂದ ಮಿನಿಮೂಗ್ ವೈರುಗಳ ಜಾಲವನ್ನು ಒಳಗೇ ಮುಗಿಸಿ, ವೇದಿಕೆಗೆ ಹೊತ್ತೊಯ್ಯಬಹುದಾದ ವಾದ್ಯವಾಯಿತು.

ಇನ್ನೊಂದು ದಾರಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡರು. ಸ್ವರವನ್ನು ಸೆಕೆಂಡಿಗೆ ಐದಾರು ಸಲ ಅಲುಗಿಸಿದರೆ ಅದು ನಮಗೆ ಆಂದೋಲನವಾಗಿ ಕೇಳುತ್ತದೆ. ಅಲುಗಿಸುವ ವೇಗವನ್ನು ನೂರಾರು ಸಲಕ್ಕೆ ಏರಿಸಿದರೆ ಆಂದೋಲನ ಕಿವಿಗೆ ಸಿಗದೆ ಮಾಯವಾಗಿ, ಅದರ ಜಾಗದಲ್ಲಿ ಹೊಸ ಹಾರ್ಮೋನಿಕ್‌ಗಳು ಹುಟ್ಟಿಕೊಳ್ಳುತ್ತವೆ. ಎರಡು ವೇಗಗಳ ನಡುವೆ ಸರಳ ಅನುಪಾತವಿದ್ದರೆ ವಾದ್ಯದ ಸ್ವರ ಬರುತ್ತದೆ, ಇಲ್ಲದಿದ್ದರೆ ಗಂಟೆ, ಜಾಗಟೆಗಳ ಲೋಹದ ನಾದ. ಎಫ್‌ಎಂ ಎಂಬ ಈ ಕ್ರಮವನ್ನು ಯಮಹಾ ಕಂಪನಿ 1983ರಲ್ಲಿ ಡಿಎಕ್ಸ್7 ಎಂಬ ಯಂತ್ರವಾಗಿ ಮಾರಿತು, ಎಂಬತ್ತರ ದಶಕದ ಸಿನಿಮಾ ಹಾಡುಗಳ ಹೊಳೆಯುವ ಎಲೆಕ್ಟ್ರಿಕ್ ಪಿಯಾನೊ ದನಿಯಲ್ಲಿ ಅದರ ಪಾಲು ದೊಡ್ಡದು.

ನಿಮ್ಮ ಕೀಬೋರ್ಡಿನ ಸಿತಾರು ಮಾತ್ರ ಈ ಎರಡು ದಾರಿಗಳಲ್ಲಿ ಬಂದದ್ದಲ್ಲ. ಒಬ್ಬ ಕಲಾವಿದರು ಸ್ಟುಡಿಯೊದಲ್ಲಿ ಕುಳಿತು ನಿಜವಾದ ಸಿತಾರಿನ ಒಂದೊಂದೇ ಸ್ವರವನ್ನು ಮೀಟಿದ್ದಾರೆ, ಅದನ್ನು ಸೆಕೆಂಡಿಗೆ 44,100 ಸಲ ಅಳೆದು ಸಂಖ್ಯೆಗಳಾಗಿ ಮೆಮೊರಿ ಚಿಪ್‌ನಲ್ಲಿ ತುಂಬಿಸಲಾಗಿದೆ. ಇದು ಸ್ಯಾಂಪ್ಲಿಂಗ್. ಎಲ್ಲ ಕೀಗಳಿಗೂ ಬೇರೆ ಬೇರೆ ಸ್ವರ ಮುದ್ರಿಸಿದರೆ ಜಾಗ ಸಾಲದೆಂದು ಕೆಲವನ್ನಷ್ಟೇ ಮುದ್ರಿಸಿ, ನಡುವಿನವನ್ನು ಆ ಮುದ್ರಿಕೆಯನ್ನೇ ಬೇಗ ಅಥವಾ ನಿಧಾನವಾಗಿ ಓಡಿಸಿ ಪಡೆಯುತ್ತಾರೆ. ಮೆಮೊರಿ ಉಳಿಸಲು ದನಿಯ ಬಾಲದ, ಅಂದರೆ ಕೊನೆಯ ಭಾಗದ, ಒಂದು ಚಿಕ್ಕ ತುಂಡನ್ನು ಮತ್ತೆ ಮತ್ತೆ ಸುತ್ತಿಸುವುದೂ ಉಂಟು.

ಇಷ್ಟು ತಿಳಿದ ಮೇಲೆ ದ್ರುತದಲ್ಲಿ ಅದು ಗೆದ್ದು ಆಲಾಪದಲ್ಲಿ ಸೋಲುವುದೇಕೆ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ. ತಾಳಕ್ಕೆ ಕೂಡಿಸಿ ನುಡಿಸುವ ವೇಗದ ಗತ್ತಿನಲ್ಲಿ ಪ್ರತಿ ಸ್ವರದ ಆಯುಷ್ಯ ಸೆಕೆಂಡಿನ ಒಂದು ಸಣ್ಣ ಪಾಲು. ಅಷ್ಟರೊಳಗೆ ಕಿವಿಗೆ ಸಿಗುವುದು ಬೆರಳಿಗೆ ತೊಟ್ಟ ಮಿಜ್ರಾಬಿನ ಹೊಡೆತ ಮತ್ತು ಅದರ ಬೆನ್ನಿಗೇ ಬರುವ ಝಣತ್ಕಾರ. ಇವೆರಡೂ ನಿಜವಾದ ವಾದ್ಯದವೇ ಆದ್ದರಿಂದ ಕಿವಿ ನಂಬುತ್ತದೆ. ಆಲಾಪದಲ್ಲಾದರೋ ಒಂದು ಮೀಟಿನಲ್ಲೇ ವಾದಕರು ತಂತಿಯನ್ನು ಅಡ್ಡಕ್ಕೆ ಎಳೆದು ನಾಲ್ಕೈದು ಸ್ವರಗಳನ್ನು ಮೀಂಡಿನಲ್ಲಿ ಹಾಯಿಸುತ್ತಾರೆ. ರಹಿಮತ್ ಖಾನರಿಂದ ಬೆಳೆದು ಬಂದ ಸಿತಾರಿನ ಪರಂಪರೆಯೂ ಕಿರಾಣಾ ಘರಾಣೆಯ ಗಾಯಕರ ಬಿಡಿಸಿ ಹಾಡುವ ಆಲಾಪವೂ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಲ್ಲಿ ಎಷ್ಟೊಂದು ಕಿವಿಗಳನ್ನು ಪಳಗಿಸಿವೆಯೆಂದರೆ, ಈ ಭಾಗದ ಕೇಳುಗರ ಮುಂದೆ ಮೀಂಡು ತಪ್ಪಿದರೆ ಮುಚ್ಚಿಡುವುದು ಕಷ್ಟ.

ಪಿಚ್ ಬೆಂಡ್ ಚಕ್ರವನ್ನು ತಿರುಗಿಸಿ ಆ ಮೀಂಡನ್ನು ತರಬಹುದಲ್ಲ ಎಂದು ನೀವು ಕೇಳಬಹುದು. ಸ್ವರ ಏರುತ್ತದೆ, ನಿಜ. ಆದರೆ ಯಂತ್ರ ಆಗ ಮುದ್ರಿಕೆಯನ್ನು ಇಡಿಯಾಗಿ ವೇಗವಾಗಿ ಓಡಿಸುತ್ತದೆ. ತಂತಿಯ ಸ್ವರದ ಜೊತೆಗೆ ಸೋರೆಬುರುಡೆಯ ಅನುರಣನವೂ, ಮೀಟದೆಯೇ ತಾವಾಗಿ ಮಿಡಿಯುವ ಕೆಳಗಿನ ತರಬ್ ತಂತಿಗಳ ಝೇಂಕಾರವೂ ಒಟ್ಟಿಗೆ ಮೇಲಕ್ಕೆ ಜಾರುತ್ತವೆ. ನಿಜವಾದ ಸಿತಾರಿನಲ್ಲಿ ಮೀಂಡು ಎಳೆದಾಗ ಬುರುಡೆ ಕುಗ್ಗುವುದಿಲ್ಲ, ತರಬ್ ತಂತಿಗಳು ತಮ್ಮ ಶ್ರುತಿಯನ್ನು ಬಿಡುವುದಿಲ್ಲ. ಎಳೆದ ತಂತಿಯ ಸ್ವರ ಅವುಗಳಲ್ಲಿ ಯಾವುದಕ್ಕೆ ಸರಿಸಮ ಬರುತ್ತದೋ ಆ ತಂತಿ ಮಾತ್ರ ಎಚ್ಚೆತ್ತು ಮಿಡಿಯುತ್ತದೆ. ಜೊತೆಗೆ ಜವಾರಿಯ ವಿಷಯವಿದೆ. ತಂತಿಯನ್ನು ಹೊರುವ ಕುದುರೆ ಎಂಬ ಅಗಲವಾದ, ಸ್ವಲ್ಪ ಬಾಗಿದ ತುಂಡಿನ ಮೇಲೆ ತಂತಿ ಸವರುತ್ತ ಕಂಪಿಸುವುದರಿಂದ ಮೇಲಿನ ಹಾರ್ಮೋನಿಕ್‌ಗಳು ಮತ್ತೆ ಮತ್ತೆ ಹುಟ್ಟುತ್ತವೆ. ತಂಬೂರಿ, ವೀಣೆಗಳ ಕುದುರೆಯ ಈ ಗುಣವನ್ನು ಸಿ.ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲೇ ವಿವರಿಸಿ, ಬೇರೆ ತಂತಿವಾದ್ಯಗಳಿಗೆ ಒಪ್ಪುವ ನಿಯಮ ಇಲ್ಲಿ ಮುರಿಯುತ್ತದೆಂದು ತೋರಿಸಿದರು. ತಂತಿಯ ಕಂಪನ ಕುಗ್ಗಿದಂತೆ ಅದು ಕುದುರೆಯನ್ನು ಸವರುವ ಬಗೆಯೂ ಬದಲಾಗುತ್ತದೆ, ಆದ್ದರಿಂದ ದನಿಯ ಬಣ್ಣ ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಇದನ್ನೆಲ್ಲ ಬಿಟ್ಟು ಸುತ್ತುವ ಬಾಲದ ತುಂಡನ್ನು ಮೂರು ಸೆಕೆಂಡು ಕೇಳಿದರೆ ಸುಳ್ಳು ಗೊತ್ತಾಗದೆ ಇರುವುದಿಲ್ಲ.

ನಿಮ್ಮ ವಿಷಯದಲ್ಲಿ ಇನ್ನೊಂದು ಕಾರಣವೂ ಇರಬಹುದು, ಅದು ಪೇಟಿಯಿಂದ ಬಂದ ಬೆರಳು. ಪೇಟಿಯಲ್ಲಿ ಗಟ್ಟಿ, ಮೆಲ್ಲಗೆ ಎಂಬುದೆಲ್ಲ ತಿದಿಯ ಕೈಯಲ್ಲಿದೆ, ಕೀಯನ್ನು ಹೇಗೆ ಒತ್ತಿದರೂ ದನಿ ಅಷ್ಟೇ. ಕೀಬೋರ್ಡಿನ ಪ್ರತಿ ಕೀಯ ಕೆಳಗೆ ರಬ್ಬರಿನ ಎರಡು ಕಾಂಟ್ಯಾಕ್ಟ್‌ಗಳಿದ್ದು, ಮೊದಲನೆಯದು ತಾಗಿದ ಮೇಲೆ ಎರಡನೆಯದು ತಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಯಂತ್ರ ಅಳೆದು, ನಿಮ್ಮ ಬೆರಳಿನ ವೇಗವನ್ನು 1ರಿಂದ 127ರ ನಡುವಿನ ಒಂದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಒಳ್ಳೆಯ ಟೋನ್‌ಗಳಲ್ಲಿ ಈ ಸಂಖ್ಯೆ ಗಟ್ಟಿತನವನ್ನು ಮಾತ್ರವಲ್ಲ, ಬಣ್ಣವನ್ನೂ ಬದಲಿಸುತ್ತದೆ. ಪೇಟಿಯ ಬೆರಳು ಎಲ್ಲ ಸ್ವರಗಳನ್ನೂ ಒಂದೇ ವೇಗದಲ್ಲಿ ಒತ್ತುವುದರಿಂದ ಪ್ರತಿ ಮೀಟೂ ತದ್ರೂಪಾಗಿ ಹೊರಡುತ್ತದೆ, ಸಿತಾರಿನ ಎರಡು ಬಗೆಯ ಮೀಟುಗಳಾದ ದಾ ಮತ್ತು ರಾ ಬೋಲ್‌ಗಳ ನಡುವಿನ ಭಾರದ ಅಂತರ ಅಳಿಸಿಹೋಗುತ್ತದೆ. ಜಾತ್ರೆಯ ಧೂಳಿನಲ್ಲಿ ದುಡಿದ ಕೀಬೋರ್ಡುಗಳು ದುರಸ್ತಿಗೆ ಬಂದಾಗ ಒಂದೆರಡು ಕೀಗಳು ಮಾತ್ರ ಕಿರುಚುತ್ತಿರುವುದನ್ನು ಕಾಣುತ್ತೇವೆ. ಧೂಳಿನಿಂದ ಕಾಂಟ್ಯಾಕ್ಟ್ ಕೆಟ್ಟು ಯಂತ್ರದ ಲೆಕ್ಕ ತಪ್ಪಿರುತ್ತದೆ, ಆ ರಬ್ಬರನ್ನು ಒರೆಸಿದರೆ ಬಹುಪಾಲು ಸರಿಹೋಗುತ್ತದೆ.

ತಂತಿಯ ನಡತೆಯನ್ನೇ ಲೆಕ್ಕದಲ್ಲಿ ಹಿಡಿಯುವ ಮೂರನೆಯ ದಾರಿಯೂ ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. 1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಪ್ರಕಟಿಸಿದ ಉಪಾಯ ಇದು. ಕರಿ ಒಂದರ ಷಡ್ಜ ಬೇಕಾದರೆ 44,100ನ್ನು 139ರಿಂದ ಭಾಗಿಸಿ, ಬರುವ ಸುಮಾರು 317 ಮನೆಗಳ ಸಾಲೊಂದನ್ನು ಮಾಡಿ, ಅದರಲ್ಲಿ ಮನಬಂದ ಸಂಖ್ಯೆಗಳನ್ನು ತುಂಬಿ. ಅವನ್ನು ಒಂದೊಂದಾಗಿ ಸ್ಪೀಕರಿಗೆ ಕಳಿಸುತ್ತ, ಕಳಿಸಿದ ಪ್ರತಿ ಸಂಖ್ಯೆಯ ಜಾಗದಲ್ಲಿ ಅದರ ಮತ್ತು ಪಕ್ಕದ ಸಂಖ್ಯೆಯ ಸರಾಸರಿಯನ್ನು ಇಡಿ. ಸಾಲು ಮುಗಿದರೆ ಮತ್ತೆ ಮೊದಲಿಂದ. ಮೊದಲ ಸುತ್ತಿನಲ್ಲಿ ಗದ್ದಲವಿದ್ದದ್ದು ಸುತ್ತು ಸುತ್ತಿಗೂ ನಯವಾಗುತ್ತ, ಮೇಲಿನ ಹಾರ್ಮೋನಿಕ್‌ಗಳು ಬೇಗ ಬತ್ತಿ, ಕೆಳಗಿನವು ತಡವಾಗಿ ಬತ್ತಿ, ಕೇಳುವವರಿಗೆ ಮೀಟಿದ ತಂತಿಯೇ ಆಗಿಬಿಡುತ್ತದೆ. ಒಂದು ಸರಾಸರಿಯ ಲೆಕ್ಕದಿಂದ ಇಷ್ಟು! ಇದರ ಮುಂದುವರಿಕೆಯಾದ ಫಿಸಿಕಲ್ ಮಾಡೆಲಿಂಗ್ ಕ್ರಮದಲ್ಲಿ ತಂತಿ, ಕುದುರೆ, ಬುರುಡೆಗಳಿಗೆ ಬೇರೆ ಬೇರೆ ಲೆಕ್ಕವಿರುವುದರಿಂದ ಮೀಂಡು ಎಳೆದಾಗ ತಂತಿಯ ಸ್ವರವಷ್ಟೇ ಏರಿ ಬುರುಡೆ ಇದ್ದಲ್ಲೇ ಇರುವಂತೆ ಮಾಡಬಹುದು. ಮುಂದೆ ಎಂದಾದರೂ ಯಂತ್ರ ಕೊಳ್ಳುವುದಾದರೆ ಈ ಕ್ರಮ ಅದರಲ್ಲಿದೆಯೇ ಎಂದು ಅಂಗಡಿಯಲ್ಲಿ ಕೇಳಿ. ಪೆನ್‌ಡ್ರೈವಿನಲ್ಲಿ ಮಾರುವ ‘ಇಂಡಿಯನ್ ಟೋನ್’ಗಳ ಕಟ್ಟಿಗೆ ಹಣ ಕೊಡುವ ಮುನ್ನ ಯೋಚಿಸಿ, ಅವೂ ಮುದ್ರಿಕೆಗಳೇ.

ಇರುವ ಕೀಬೋರ್ಡಿನಲ್ಲಿ ಮಾಡಬಹುದಾದದ್ದು ಬಹಳಷ್ಟಿದೆ. ಮೆನುವಿನಲ್ಲಿ ಪಿಚ್ ಬೆಂಡ್ ರೇಂಜ್ ಸಾಮಾನ್ಯವಾಗಿ 2 ಎಂದು ಇರುತ್ತದೆ, ಅಂದರೆ ಚಕ್ರ ಪೂರ್ತಿ ತಿರುಗಿದರೂ ಷಡ್ಜದಿಂದ ರಿಷಭಕ್ಕಷ್ಟೇ ದಾರಿ. ಅದನ್ನು 5ಕ್ಕೆ ಏರಿಸಿ ಮಧ್ಯಮದವರೆಗೆ ಅಭ್ಯಾಸ ಮಾಡಿ, ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಬುರುಡೆಯ ಸುಳ್ಳು ದೂರ ಹೋದಷ್ಟೂ ಬಯಲಾಗುತ್ತದೆ. ಸ್ಕೇಲ್ ಟ್ಯೂನಿಂಗ್ ಸೌಲಭ್ಯವಿದ್ದರೆ ಶುದ್ಧ ಗಾಂಧಾರವನ್ನು 14 ಸೆಂಟ್ ಇಳಿಸಿ; ಒಂದು ಅರ್ಧಸ್ವರದ ನೂರರಲ್ಲೊಂದು ಭಾಗಕ್ಕೆ ಸೆಂಟ್ ಎನ್ನುತ್ತಾರೆ, ಕೀಬೋರ್ಡಿನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಅಷ್ಟು ಮೇಲಿದೆ. ಭಜನೆಯಲ್ಲಿ ಹಿಂದೆ ತಂಬೂರಿ ಇರುವಾಗ ಈ ಒಂದು ಬದಲಾವಣೆಯೇ ಎದ್ದು ಕೇಳುತ್ತದೆ. ಪೇಟಿಯ ಜೊತೆ ನುಡಿಸುವಾಗ ಮಾತ್ರ ಅದನ್ನು ಮೊದಲಿನಂತೆ ಬಿಡಿ, ಇಲ್ಲವಾದರೆ ಎರಡರ ಗಾಂಧಾರಗಳೂ ಜಗಳಕ್ಕೆ ನಿಲ್ಲುತ್ತವೆ.

ನಾಟಕದಲ್ಲಿ ಆಲಾಪವನ್ನು ಕೀಬೋರ್ಡೇ ಹೊರಬೇಕಾದ ಸಂದರ್ಭ ಬಂದರೆ ಅದನ್ನು ಸನಾದಿ ಅಥವಾ ಕೊಳಲಿನ ಟೋನಿಗೆ ಒಪ್ಪಿಸಿ, ಒಮ್ಮೆಗೆ ಒಂದೇ ಸ್ವರ ಬಿಡುವ ಮೋನೊ, ಸ್ವರದಿಂದ ಸ್ವರಕ್ಕೆ ಜಾರಿಸುವ ಪೋರ್ಟಮೆಂಟೊ ಎರಡನ್ನೂ ಆನ್ ಮಾಡಿ, ಹಿಂದಿನ ಕೀಯಿಂದ ಬೆರಳನ್ನು ಎತ್ತುವ ಮುನ್ನವೇ ಮುಂದಿನದನ್ನು ಒತ್ತಿ. ಊದುವ ವಾದ್ಯದ ದನಿ ಉಸಿರಿರುವಷ್ಟು ಹೊತ್ತು ಒಂದೇ ಹದದಲ್ಲಿ ನಿಲ್ಲುತ್ತದೆ, ತರಬ್ ತಂತಿಗಳ ಗೊಡವೆ ಅದಕ್ಕಿಲ್ಲ, ಹೀಗಾಗಿ ಸುತ್ತುವ ಮುದ್ರಿಕೆಯೂ ಜಾರುವ ಸ್ವರವೂ ಅಲ್ಲಿ ಕಡಿಮೆ ಮೋಸ ಮಾಡುತ್ತವೆ. ಸಿತಾರಿನ ಟೋನನ್ನು ಗತ್ತಿಗೂ, ದೃಶ್ಯ ಬದಲಾಗುವಾಗಿನ ಚಿಕ್ಕ ತುಣುಕುಗಳಿಗೂ ಇಟ್ಟುಕೊಳ್ಳಿ.